ಪರ್ಸನಲ್ ಟ್ರೇನರ್ ಸರ್ಟಿಫಿಕೇಟ್ ಪರೀಕ್ಷೆ ಕಟ್ಟಬೇಕು, ಓದು ಎಲ್ಲಿಂದ ಶುರು ಮಾಡಲಿ? (ದಾವಣಗೆರೆ)

ನಿಟ್ಟುವಳ್ಳಿ_ಹುಡುಗ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ದಾವಣಗೆರೆಯ ಒಂದು ಜಿಮ್‌ನಲ್ಲಿ ಫ್ಲೋರ್ ಟ್ರೇನರ್ ಆಗಿದ್ದೇನೆ. ಜೀವಶಾಸ್ತ್ರ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಈಗ ಸರ್ಟಿಫಿಕೇಟ್ ಪರೀಕ್ಷೆ ಕಟ್ಟಬೇಕು ಅಂತಿದ್ದೇನೆ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ.

ಮೂರು ತಿಂಗಳ ಹಿಂದೆ ಹೊಸದಾಗಿ ಒಬ್ಬ ಹುಡುಗ ಸೇರಿದ. ಇಪ್ಪತ್ತರ ವಯಸ್ಸು, ಸಣಕಲು ಮೈ, ಹುಮ್ಮಸ್ಸು ಜಾಸ್ತಿ. ಮೊದಲ ದಿನವೇ ನಾನು ಮಾಡುವ ಲೆಗ್ ಡೇ ಅವನಿಗೂ ಮಾಡಿಸಿದೆ. ಸ್ಕ್ವಾಟ್, ಲಂಜಸ್, ಲೆಗ್ ಪ್ರೆಸ್, ಎಲ್ಲ ಕಾಲು ನಡುಗುವವರೆಗೆ. ಅವನು "ಇನ್ನೊಂದು ಸೆಟ್ ಅಣ್ಣ" ಅಂದ, ನಾನೂ ಸೈ ಅಂದೆ. ಎರಡು ದಿನ ಬಿಟ್ಟು ಫೋನ್ ಬಂತು. ಕಾಲು ಮಡಚಲು ಆಗುತ್ತಿಲ್ಲ, ತೊಡೆ ಊದಿದೆ, ಮೂತ್ರ ಕಪ್ಪು ಚಹಾದ ಬಣ್ಣ. ಆಸ್ಪತ್ರೆಗೆ ಸೇರಿಸಿ ಎರಡು ದಿನ ಡ್ರಿಪ್ ಹಾಕಿದರು. ಸ್ನಾಯು ಒಡೆದು ಅದರ ಒಳಗಿನ ವಸ್ತು ರಕ್ತಕ್ಕೆ ಸೇರಿದೆ, ಕಿಡ್ನಿಗೆ ಹೊಡೆತ ಬೀಳಬಹುದಿತ್ತು, ಸದ್ಯ ಬೇಗ ಬಂದಿರಿ ಅಂದರು ಡಾಕ್ಟರ್. ಅದಕ್ಕೆ ರಾಬ್ಡೊಮಯೊಲಿಸಿಸ್ ಅಂತ ಹೆಸರಂತೆ. ಆ ಪದ ನಾನು ಕೇಳಿದ್ದು ಅವತ್ತೇ ಮೊದಲು.

ಹುಡುಗ ಈಗ ಆರಾಮಾಗಿದ್ದಾನೆ. ವಾರ್ಡಿನ ಹೊರಗೆ ಅವನ ತಾಯಿ ಬೈಯಲಿಲ್ಲ. "ನಿನಗೆ ಇದು ಗೊತ್ತಿರಲಿಲ್ವೇನಪ್ಪಾ?" ಅಂತಷ್ಟೇ ಕೇಳಿದರು. ಗೊತ್ತಿರಲಿಲ್ಲ.

ಸಿಲೆಬಸ್ ತೆಗೆದು ನೋಡಿದರೆ ತಲೆ ತಿರುಗುತ್ತದೆ. ಅನಾಟಮಿ, ಬಯೋಮೆಕ್ಯಾನಿಕ್ಸ್, ಎನರ್ಜಿ ಸಿಸ್ಟಮ್, ಬಿಹೇವಿಯರ್ ಚೇಂಜ್. ತಳಪಾಯ ಅಂದರೆ ಯಾವುದು? ದಯವಿಟ್ಟು ಹೇಳಿ.

ಹಳೇಟ್ರೇನರ್_ವಿದ್ಯಾನಗರ

ತಮ್ಮಾ, ನಡೆದದ್ದನ್ನು ಮುಚ್ಚಿಡದೆ ಬರೆದಿದ್ದೀಯ, ಒಳ್ಳೆಯದಾಯಿತು. ಇದನ್ನು ಓದಿ ಇನ್ನೊಬ್ಬ ಟ್ರೇನರ್ ಎಚ್ಚರ ಆದರೂ ಸಾಕು. ಮೈಕೈ ನೋವು ಎಲ್ಲರಿಗೂ ಬರುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಊತ, ಬಲ ಹೋಗುವುದು, ಕಪ್ಪು ಮೂತ್ರ ಕಂಡರೆ ಮಾತ್ರ ಒಂದು ಗಂಟೆಯೂ ಕಾಯಬಾರದು, ಸೀದಾ ಆಸ್ಪತ್ರೆ.

ಮೊದಲು ಪರೀಕ್ಷೆ ವಿಷಯ. ಸರ್ಟಿಫಿಕೇಟ್ ಕೊಡುವ ಹೊರದೇಶದ ಸಂಸ್ಥೆಗಳಲ್ಲಿ ಎಸಿಇ, ನ್ಯಾಸ್ಮ್, ಎಸಿಎಸ್‌ಎಂ, ಎನ್‌ಎಸ್‌ಸಿಎ ಹೆಸರಾದವು. ನಮ್ಮಲ್ಲಿ ಮುಂಬೈನ ಕೆ11 ಇದೆ. ಕೇಂದ್ರದ ಕೌಶಲ ತರಬೇತಿ ಪಟ್ಟಿಯಲ್ಲೂ ಫಿಟ್ನೆಸ್ ಟ್ರೇನರ್ ಅಂತ ಒಂದು ಕೋರ್ಸ್ ಇದೆ. ನಾನು ಕಟ್ಟಿದ್ದು ಎಸಿಇ. 150 ಪ್ರಶ್ನೆ, 3 ಗಂಟೆ, 800ಕ್ಕೆ 500 ಬಂದರೆ ಪಾಸು. 18 ವರ್ಷ ತುಂಬಿರಬೇಕು. ಸಿಪಿಆರ್, ಅಂದರೆ ಎದೆಬಡಿತ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು, ಅದನ್ನು ಕಲಿತ ಸರ್ಟಿಫಿಕೇಟ್ ಕೈಯಲ್ಲಿರಬೇಕು. ಪಾಸಾದ ಮೇಲೂ ಎರಡು ವರ್ಷಕ್ಕೊಮ್ಮೆ ಹೊಸದಾಗಿ ಕಲಿತು ನವೀಕರಿಸಿಕೊಳ್ಳಬೇಕು.

ಇನ್ನು ತಳಪಾಯ. ಪುಸ್ತಕ ಅನಾಟಮಿಯಿಂದ ಶುರುವಾಗುತ್ತದೆ. ನನ್ನನ್ನು ಕೇಳಿದರೆ ನೀನು ಸ್ಕ್ರೀನಿಂಗ್‌ನಿಂದ ಶುರು ಮಾಡು. ಮೊದಲು ಕೇಳುವುದು, ಆಮೇಲೆ ಎತ್ತಿಸುವುದು. ಪಾರ್-ಕ್ಯೂ ಪ್ಲಸ್ ಅಂತ ಒಂದು ಫಾರಂ ಇದೆ. ಮೊದಲ ಪುಟದಲ್ಲಿ 7 ಪ್ರಶ್ನೆ. ಹೃದಯದ ತೊಂದರೆ ಅಥವಾ ಬಿಪಿ ಇದೆಯಾ, ಎದೆನೋವು ಬರುತ್ತಾ, ತಲೆಸುತ್ತಿ ಬಿದ್ದಿದ್ದೀರಾ, ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ, ಮೂಳೆ ಕೀಲಿನ ನೋವಿದೆಯಾ, ಹೀಗೆ. ಒಂದಕ್ಕೆ ಹೌದು ಅಂದರೂ ಅಲ್ಲಿಗೇ ನಿಲ್ಲಿಸಿ ಮುಂದಿನ ಪುಟದ ಪ್ರಶ್ನೆ ಕೇಳಬೇಕು, ಬೇಕಾದರೆ ಡಾಕ್ಟರ ಹತ್ತಿರ ಕಳಿಸಬೇಕು. ಆ ಹುಡುಗನನ್ನು ಅವತ್ತು "ಹಿಂದೆ ಯಾವಾಗಾದರೂ ವ್ಯಾಯಾಮ ಮಾಡಿದ್ದೀಯಾ?" ಅಂತ ಒಂದು ಮಾತು ಕೇಳಿದ್ದರೆ ನೀನೇ ಎರಡು ಸೆಟ್‌ಗೆ ನಿಲ್ಲಿಸುತ್ತಿದ್ದೆ, ಅಲ್ವಾ?

ಹರಿಹರದ_ಲಿಫ್ಟರ್

ಎಲ್ಲಾ ಸರಿ. ಆದರೆ ನಮ್ಮ ಕಡೆ ಜನ ಸರ್ಟಿಫಿಕೇಟ್ ಕೇಳಲ್ಲ, ಟ್ರೇನರ್ ರಟ್ಟೆ ನೋಡುತ್ತಾರೆ. ಹತ್ತು ವರ್ಷ ಕಬ್ಬಿಣ ಎತ್ತಿದವನಿಗೆ ಗೊತ್ತಿರುವುದು ಪುಸ್ತಕದಲ್ಲಿ ಇರುತ್ತಾ?

ಎಪಿಎಂಸಿ_ಕಾಕಾ

ನಾನು ಟ್ರೇನರ್ ಅಲ್ಲ. ಕಾಳಿನ ವ್ಯಾಪಾರ, ವಯಸ್ಸು 58. ಲಿಫ್ಟರ್ ತಮ್ಮನ ಪ್ರಶ್ನೆಗೆ ನನ್ನ ಅನುಭವ ಹೇಳಿದರೆ ಉಪಯೋಗ ಆಗಬಹುದು.

ಮೊದಲು ಒಂದು ಜಿಮ್‌ಗೆ ಹೋಗುತ್ತಿದ್ದೆ. ಟ್ರೇನರ್ ಮೈಕಟ್ಟು ಅಂದರೆ ಮೈಕಟ್ಟು, ಗರಡಿ ಪೈಲ್ವಾನನ ಹಾಗೆ. ಟ್ರೆಡ್‌ಮಿಲ್ ಮೇಲೆ ಹತ್ತಿಸಿ ಲೆಕ್ಕ ಹಾಕಿದ. 220ರಲ್ಲಿ 58 ಕಳೆದರೆ 162, ನಿಮ್ಮ ಎದೆಬಡಿತ 130 ಆದರೂ ದಾಟಬೇಕು ಅಂದ. ನನ್ನ ಕೈಗಡಿಯಾರ 104 ತೋರಿಸುತ್ತಿತ್ತು. "ಅಂಕಲ್, ನೀವು ಶ್ರಮ ಹಾಕ್ತಾನೇ ಇಲ್ಲ" ಅಂತ ವೇಗ ಏರಿಸಿದ, ಏರು ಕೊಟ್ಟ. 108. ಮತ್ತೆ ಏರಿಸಿದ. ಅಷ್ಟರಲ್ಲಿ ನನ್ನ ಕಣ್ಣು ಕತ್ತಲೆ ಬಂದು ಕಂಬಿ ಹಿಡಿದು ಕೂತೆ.

ಆಮೇಲೆ ಬೇರೆ ಕಡೆ ಸೇರಿದೆ. ಅಲ್ಲಿನ ಹುಡುಗಿ ತೂಕವನ್ನೂ ನೋಡಲಿಲ್ಲ, ಮೊದಲು ಕೂರಿಸಿ ಮಾತಾಡಿಸಿದಳು. "ದಿನಾ ಯಾವ ಮಾತ್ರೆ ತಗೊಳ್ತೀರಿ ಕಾಕಾ? ಪಟ್ಟಿ ತಂದಿದ್ದೀರಾ?" ಅಂದಳು. ಕಿಸೆಯಲ್ಲಿದ್ದ ಬಿಪಿ ಮಾತ್ರೆಯ ಪಟ್ಟಿ ಕೊಟ್ಟೆ. ತಿರುಗಿಸಿ ಹೆಸರು ಓದಿದಳು, ಮೆಟೊಪ್ರೊಲಾಲ್. ಈ ಮಾತ್ರೆ ಎದೆಬಡಿತವನ್ನೇ ತಗ್ಗಿಸಿ ಇಡುತ್ತದೆ, ಗಡಿಯಾರದ ಅಂಕಿ ನೋಡಿ ನಿಮ್ಮನ್ನು ಓಡಿಸುವಂತಿಲ್ಲ, ಡಾಕ್ಟರ ಒಪ್ಪಿಗೆ ಚೀಟಿ ತನ್ನಿ ಅಂದಳು. ಚೀಟಿ ತಂದ ಮೇಲೆ ನಡೆಸಿದಳು. ಪಕ್ಕದಲ್ಲೇ ನಿಂತು ಈ ಸಲ ಮೆಕ್ಕೆಜೋಳದ ರೇಟು ಹೇಗಿದೆ ಅಂತ ಕೇಳುತ್ತಾ ಹೋದಳು. ನನಗೆ ಅವಳು ಸುಮ್ನೆ ಹರಟುತ್ತಿದ್ದಾಳೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ನನ್ನ ಮಾತಿನ ಮೇಲೆ ಉಸಿರು ಅಳೆಯುತ್ತಿದ್ದಳು. ಮಾತು ಸಲೀಸಾಗಿ ಬರಬೇಕು, ಹಾಡು ಹೇಳಲು ಮಾತ್ರ ಆಗಬಾರದು, ಅಷ್ಟು ವೇಗ ಸಾಕು ಅಂತೆ.

ಕೆಲವು ತಿಂಗಳು ಆಯಿತು. ಈಗ ಕುಂದವಾಡ ಕೆರೆ ಏರಿ ಮೇಲೆ ಬಿರಬಿರನೆ ನಡೆಯುತ್ತೇನೆ. ಆ ಹುಡುಗಿಯ ರಟ್ಟೆ ನನ್ನ ರಟ್ಟೆಗಿಂತ ಸಣ್ಣದು.

ಹರಿಹರದ_ಲಿಫ್ಟರ್

ಕಾಕಾ, ಒಪ್ಪಿದೆ. ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ ಈ ತರಹದ ಮಾತ್ರೆ) ವಿಷಯ ನನಗೂ ಗೊತ್ತಿರಲಿಲ್ಲ. ನನ್ನ ಬ್ಯಾಚ್‌ನಲ್ಲಿ ಬಿಪಿ ಇರುವವರು ಇಬ್ಬರಿದ್ದಾರೆ. ನಾಳೆಯೇ ಕೇಳುತ್ತೇನೆ.

ಹಳೇಟ್ರೇನರ್_ವಿದ್ಯಾನಗರ

ಕೇಳುವಾಗ ಇನ್ನೊಂದೂ ನೋಡು. ಬಿಪಿ ಇರುವವರು ಉಸಿರು ಬಿಗಿಹಿಡಿದು ತೂಕ ಎತ್ತಬಾರದು. ಉಸಿರು ಕಟ್ಟಿದಾಗ ಬಿಪಿ ಒಮ್ಮೆಲೇ ಮೇಲೇರುತ್ತದೆ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಇನ್ನು 220ರ ಲೆಕ್ಕ ಅಂದಾಜು ಅಷ್ಟೇ. 2001ರಲ್ಲಿ ಬಂದ ಇನ್ನೊಂದು ಸೂತ್ರದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುತ್ತಾರೆ. ಕಾಕಾಗೆ ಅದು 167 ಬರುತ್ತದೆ. ಅದೂ ಅಂದಾಜೇ. ಎದೆಬಡಿತ ತಗ್ಗಿಸುವ ಮಾತ್ರೆ ತಗೊಳ್ಳುವವರಿಗೆ ಎರಡೂ ನಡೆಯುವುದಿಲ್ಲ.

2021ರ ಅಕ್ಟೋಬರ್ 29 ನೆನಪಿದೆಯಾ? ಅಪ್ಪು ಹೋದ ದಿನ. ಅದಾದ ಮೇಲೆ ಎಷ್ಟು ತಂದೆತಾಯಿ ನನ್ನ ಹತ್ತಿರ ಬಂದು "ನಮ್ಮ ಹುಡುಗನ್ನ ಜಿಮ್ ಬಿಡಿಸಲಾ?" ಅಂತ ಕೇಳಿದರು. ಬಿಡಿಸಬೇಡಿ, ಆದರೆ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹಾರ್ಟ್ ತೊಂದರೆ ಆಗಿದೆಯಾ ಹೇಳಿ ಅಂದೆ. ಅಲ್ಲಿವರೆಗೆ ನನ್ನ ಫಾರಂನಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಫಿಸಿಯೋ_ಅಕ್ಕ

ಅನಾಟಮಿಗೆ ಹೆದರಬೇಡ ತಮ್ಮಾ. 206 ಮೂಳೆ, 600ಕ್ಕೂ ಹೆಚ್ಚು ಸ್ನಾಯು ಅಂತ ಕೇಳಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಕೀಲುಗಳನ್ನು ಹಿಡಿ. ಹೆಗಲು, ಬೆನ್ನುಮೂಳೆ, ಸೊಂಟ, ಮಂಡಿ, ಹರಡು (ಪಾದದ ಕೀಲು). ಪ್ರತಿ ಕೀಲು ಯಾವ ಕಡೆ ತಿರುಗುತ್ತದೆ, ಅದನ್ನು ಎಳೆಯುವವರು ಯಾರು, ತಡೆಯುವವರು ಯಾರು, ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಆಯಿತು.

ಈಗಲೇ ಒಂದು ಮಾಡಿ ನೋಡಿ, ಎಲ್ಲರೂ. ಗೆಳೆಯನ ಬೆನ್ನ ಹಿಂದೆ ನಿಂತು ಅವನ ಬಲ ಹೆಗಲ ಹಲಗೆ ಮೂಳೆಯ ಕೆಳಮೂಲೆ ಮೇಲೆ ಹೆಬ್ಬೆರಳಿಡಿ. ಅವನು ಬಲಗೈಯನ್ನು ಪಕ್ಕದಿಂದ ನಿಧಾನವಾಗಿ ಮೇಲೆತ್ತಲಿ. ಮೊದಮೊದಲು ಮೂಳೆ ಅಷ್ಟಾಗಿ ಅಲುಗುವುದಿಲ್ಲ. ಕೈ ಏರುತ್ತಾ ಹೋದ ಹಾಗೆ ನಿಮ್ಮ ಹೆಬ್ಬೆರಳಿನ ಕೆಳಗೆ ಅದು ಜಾರಿ ಕಂಕುಳ ಕಡೆಗೆ ಸರಿಯುತ್ತದೆ. ಕೈ ಪೂರ್ತಿ ಮೇಲೆ ಹೋಗಲು 180 ಡಿಗ್ರಿ ಬೇಕು. ಅದರಲ್ಲಿ ಸುಮಾರು 120 ಹೆಗಲ ಕೀಲಿನದು, 60 ಈ ಹಲಗೆ ಮೂಳೆಯದು. ಈಗ ಅಂಗೈ ನೆಲಕ್ಕೆ ಮಾಡಿಯೇ ಎತ್ತಲು ಹೇಳಿ. ಕಿವಿ ಹತ್ತಿರ ಬರುವ ಮೊದಲೇ ಬಿಗಿಯುತ್ತದೆ. ಹೆಬ್ಬೆರಳು ಮೇಲೆ ಮಾಡಿದರೆ ಸಲೀಸಾಗಿ ಹೋಗುತ್ತದೆ, ಯಾಕೆಂದರೆ ತೋಳಿನ ಮೂಳೆ ಹೊರಕ್ಕೆ ಹೊರಳಿ ದಾರಿ ಬಿಡುತ್ತದೆ. ಆ ಮೂಳೆಯ ತಲೆಯನ್ನು ಗುಳಿಯಲ್ಲಿ ಹಿಡಿದಿಡುವವು ನಾಲ್ಕು ಸಣ್ಣ ಸ್ನಾಯು. ಅದೇ ರೊಟೇಟರ್ ಕಫ್. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್, ಸಬ್‌ಸ್ಕಾಪ್ಯುಲಾರಿಸ್. ಹೀಗೆ ಬೆರಳಿಟ್ಟು ಕಲಿತ ಹೆಸರು ಪರೀಕ್ಷೆ ಹಾಲಿನಲ್ಲೂ ಮರೆಯುವುದಿಲ್ಲ.

ದಿನಾ ಎದೆ ಮಾತ್ರ ಹೊಡೆದು, ಮುಂದಕ್ಕೆ ಬಾಗಿದ ಹೆಗಲು ಹೊತ್ತು ನನ್ನ ಹತ್ತಿರ ಬರುವ ಹುಡುಗರನ್ನು ನೋಡಿದರೆ ಬೇಜಾರಾಗುತ್ತದೆ. ಅವರ ಟ್ರೇನರ್ ಈ ಹಲಗೆ ಮೂಳೆಯನ್ನು ಒಮ್ಮೆ ಮುಟ್ಟಿ ನೋಡಿದ್ದರೆ ಸಾಕಿತ್ತು.

ನಿಟ್ಟುವಳ್ಳಿ_ಹುಡುಗ

ಅಕ್ಕಾ, ತಮ್ಮನನ್ನು ನಿಲ್ಲಿಸಿ ಮಾಡಿ ನೋಡಿದೆ. ಮೂಳೆ ಸರಿದದ್ದು ಸ್ಪಷ್ಟ ಗೊತ್ತಾಯಿತು! ಪುಸ್ತಕದಲ್ಲಿ ಪ್ಲೇನ್ ಆಫ್ ಮೋಷನ್ ಅಂತ ಮೂರು ಇದೆ. ಸ್ಯಾಜಿಟಲ್, ಫ್ರಂಟಲ್, ಟ್ರಾನ್ಸ್‌ವರ್ಸ್. ಚಿತ್ರ ನೋಡಿದರೂ ತಲೆಗೆ ಹತ್ತುತ್ತಿಲ್ಲ.

ಫಿಸಿಯೋ_ಅಕ್ಕ

ಚಿತ್ರ ಬಿಡು, ಎಪಿಎಂಸಿಗೆ ಹೋಗಿ ಹಮಾಲರನ್ನು ನೋಡು. ಚೀಲ ಎತ್ತಲು ಬಗ್ಗಿ ಏಳುತ್ತಾರಲ್ಲ, ಹಿಂದೆ ಮುಂದೆ, ಅದು ಸ್ಯಾಜಿಟಲ್. ಒಂದೇ ಕೈಯಲ್ಲಿ ಭಾರ ಹಿಡಿದವನ ಮೈ ಪಕ್ಕಕ್ಕೆ ವಾಲುತ್ತದೆ, ಅದು ಫ್ರಂಟಲ್. ಚೀಲವನ್ನು ಲಾರಿಯೊಳಗೆ ಪಕ್ಕಕ್ಕೆ ತಿರುಗಿ ಎಸೆಯುತ್ತಾರೆ, ಅದು ಟ್ರಾನ್ಸ್‌ವರ್ಸ್. ಸೊಂಟ ಹಿಡಿದುಕೊಂಡು ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಬಗ್ಗುವುದು, ತಿರುಗುವುದು ಎರಡನ್ನೂ ಒಟ್ಟಿಗೆ ಭಾರದ ಜೊತೆ ಮಾಡಿದವರು.

ನಿನ್ನ ಜಿಮ್‌ನ ಮೆಷಿನ್‌ಗಳನ್ನೂ ಹೀಗೇ ಎಣಿಸಿ ನೋಡು. ಹೆಚ್ಚುಕಮ್ಮಿ ಎಲ್ಲವೂ ಹಿಂದೆ ಮುಂದೆ ಮಾತ್ರ.

ಗರಡಿ_ಮಟ್ಟಿ

ನಮ್ಮ ಅಜ್ಜ, ಅಪ್ಪ ಇಬ್ಬರೂ ಸಾಮು ಮಾಡಿದವರು. ದುರ್ಗಮ್ಮನ ಜಾತ್ರೆ ಕುಸ್ತಿಗೆ ತಿಂಗಳುಗಟ್ಟಲೆ ತಯಾರಿ ನಡೆಯುತ್ತಿತ್ತು. ನೀವೆಲ್ಲ ಹೇಳುತ್ತಿರುವುದು ಉಸ್ತಾದರು ಬೇರೆ ಮಾತಲ್ಲಿ ಹೇಳುತ್ತಿದ್ದುದೇ. ಹೊಸ ಹುಡುಗ ಬಂದರೆ ಅಖಾಡಕ್ಕೆ ಇಳಿಸುತ್ತಿರಲಿಲ್ಲ. ಮೊದಲ ವಾರ ಸಲಿಕೆ ಕೊಟ್ಟು ಮಟ್ಟಿ, ಅಂದರೆ ಅಖಾಡದ ಮಣ್ಣು, ಅಗೆಸುತ್ತಿದ್ದರು. ಆಮೇಲೆ 20 ಬಸ್ಕಿ, 10 ದಂಡ. ವಾರಕ್ಕೆ ಐದೈದು ಏರಿಸುತ್ತಿದ್ದರು, ಹುಡುಗ ಎಷ್ಟೇ ಬೇಡಿದರೂ ಅದಕ್ಕಿಂತ ಜಾಸ್ತಿ ಇಲ್ಲ. ಕರಲಾಕಟ್ಟಿ (ಬೀಸುವ ಮರದ ಗದೆ) ಕೈಗೆ ಸಿಗಬೇಕಾದರೆ ತಿಂಗಳುಗಳೇ ಆಗುತ್ತಿದ್ದವು. ಪ್ರೊಗ್ರೆಸಿವ್ ಓವರ್‌ಲೋಡ್ ಅಂದರೆ ಇದೇ ಅಲ್ವಾ?

ಹಳೇಟ್ರೇನರ್_ವಿದ್ಯಾನಗರ

ಇದೇ. ಮಟ್ಟಿ ಅಗೆಸುವುದಂತೂ ಎಷ್ಟು ಚೆನ್ನಾಗಿದೆ ನೋಡಿ. ಸೊಂಟ, ಬೆನ್ನು, ಹಿಡಿತ ಮೂರೂ ಹದಕ್ಕೆ ಬರುತ್ತವೆ. ನ್ಯಾಸ್ಮ್ ಪುಸ್ತಕದಲ್ಲಿ ಐದು ಹಂತದ ಮಾದರಿ ಇದೆ. ಮೊದಲ ಹಂತ ಕೀಲುಗಳ ಸ್ಥಿರತೆ, ಕೊನೆಯದು ಪವರ್. ಮೊದಲ ಹಂತದಲ್ಲಿ ತೂಕ ಕಡಿಮೆ, ನಿಧಾನ ಜಾಸ್ತಿ. ನಿಟ್ಟುವಳ್ಳಿ ತಮ್ಮನ ಹುಡುಗ ಬಿಟ್ಟದ್ದು ಈ ಹಂತವನ್ನೇ.

ಒಂದು ವ್ಯತ್ಯಾಸವನ್ನೂ ಓದಿಕೊಳ್ಳಬೇಕು. ಮೈ ಯಾವ ಕೆಲಸ ಕೊಡುತ್ತೀರೋ ಅದಕ್ಕೇ ಹೊಂದಿಕೊಳ್ಳುತ್ತದೆ, ಇದಕ್ಕೆ ಸೆಡ್ ಪ್ರಿನ್ಸಿಪಲ್ ಅನ್ನುತ್ತಾರೆ. 500 ಬಸ್ಕಿ ಹೊಡೆಯುವವನಿಗೆ ದಮ್ಮು ಬರುತ್ತದೆ, ಆದರೆ ಅಷ್ಟರಿಂದಲೇ 150 ಕಿಲೋ ಸ್ಕ್ವಾಟ್ ಬರುವುದಿಲ್ಲ. ಬಂದವನಿಗೆ ಏನು ಬೇಕು ಅಂತ ಕೇಳದೆ ಪ್ರೋಗ್ರಾಂ ಬರೆಯಲು ಆಗದು.

ಎನರ್ಜಿ ಸಿಸ್ಟಮ್, ಅಂದರೆ ಮೈಗೆ ಶಕ್ತಿ ಸಿಗುವ ದಾರಿಗಳು, ಅದರ ಬಗ್ಗೆ ಜಾಸ್ತಿ ಬರೆಯಲ್ಲ, ಹೈಸ್ಕೂಲ್ ಮೈದಾನದಲ್ಲಿ ಓಡಿದರೆ ತಿಳಿಯುತ್ತದೆ. ಮೊದಲ ಹತ್ತು ಸೆಕೆಂಡಿನ ಜಿಗಿತಕ್ಕೆ ಸ್ನಾಯುವಿನಲ್ಲೇ ಕೂಡಿಟ್ಟ ಶಕ್ತಿ, ಅಂದರೆ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್, ಸಾಕು. 400 ಮೀಟರ್ ಓಡಿದರೆ ಕಾಲು ಉರಿಯುತ್ತದಲ್ಲ, ಅಲ್ಲಿ ಗ್ಲೂಕೋಸ್ ಅನ್ನು ಅವಸರದಲ್ಲಿ ಒಡೆಯುವ ದಾರಿ, ಸುಮಾರು ಎರಡು ನಿಮಿಷದವರೆಗೆ. ಕಾಕಾ ಕೆರೆ ಸುತ್ತುವುದು ಆಮ್ಲಜನಕದ ದಾರಿ. ಮೂರೂ ಸದಾ ಒಟ್ಟಿಗೇ ನಡೆಯುತ್ತಿರುತ್ತವೆ, ಯಾವುದರ ಪಾಲು ಜಾಸ್ತಿ ಅನ್ನುವುದು ಬದಲಾಗುತ್ತದೆ. ಈ ಮಾತು ಪರೀಕ್ಷೆಯಲ್ಲಿ ಖಂಡಿತ ಕೆಲಸಕ್ಕೆ ಬರುತ್ತದೆ.

ಲೇಡೀಸ್_ಬ್ಯಾಚ್

ನಾನು ಎಂಸಿಸಿ ಬ್ಲಾಕ್ ಕಡೆ ಹೆಂಗಸರ ಬ್ಯಾಚ್ ನಡೆಸುತ್ತೇನೆ. ಯಾರೂ ಹೇಳದ ಒಂದು ವಿಷಯ ಸೇರಿಸುತ್ತೇನೆ. ಬಿಹೇವಿಯರ್ ಚೇಂಜ್ ಅಧ್ಯಾಯವನ್ನು ಸುಮ್ನೆ ತಿರುವಿ ಹಾಕಬೇಡಿ. ಜನ ಬದಲಾಗುವುದು ಹಂತ ಹಂತವಾಗಿ. ಯೋಚನೆಯೇ ಇಲ್ಲದವರು, ಯೋಚಿಸುತ್ತಿರುವವರು, ತಯಾರಾಗುತ್ತಿರುವವರು, ಶುರು ಮಾಡಿದವರು, ಉಳಿಸಿಕೊಂಡವರು. ಪ್ರೊಚಾಸ್ಕಾ, ಡಿಕ್ಲೆಮೆಂಟೆ ಅನ್ನುವ ಇಬ್ಬರು ಇದನ್ನು ವಿವರಿಸಿದರು. ಯೋಚಿಸುತ್ತಿರುವವಳಿಗೆ ವಾರಕ್ಕೆ ಆರು ದಿನದ ಚಾರ್ಟ್ ಕೊಟ್ಟರೆ ಎರಡನೇ ವಾರ ಅವಳು ಕಾಣುವುದಿಲ್ಲ.

ನನ್ನ ಬ್ಯಾಚ್‌ನಲ್ಲಿ ಒಬ್ಬರು ಮೂರು ಸಲ ಬಂದು ಫೀಸು ಕೇಳಿಕೊಂಡು ಹೋದರು. ನಾಲ್ಕನೇ ಸಲ ಚಹಾ ಕೊಟ್ಟು ಕೂರಿಸಿದೆ. ಸಿಸೇರಿಯನ್ ಆಗಿ ಎಂಟು ತಿಂಗಳು, ಕೆಮ್ಮಿದರೆ ಮೂತ್ರ ಜಿನುಗುತ್ತದೆ, ಜಿಗಿಯಲು ಹೇಳುತ್ತೀರೇನೋ ಅಂತ ಭಯ. ಅದನ್ನು ಅವರು ಮನೆಯಲ್ಲೂ ಹೇಳಿರಲಿಲ್ಲ. ಮೊದಲು ಹೆರಿಗೆ ಡಾಕ್ಟರ ಹತ್ತಿರ, ಆಮೇಲೆ ಫಿಸಿಯೋ ಹತ್ತಿರ ಕಳಿಸಿದೆ. ಎರಡು ತಿಂಗಳು ಬಿಟ್ಟು ಬಂದರು. ಈಗ ನಮ್ಮ ಬ್ಯಾಚ್‌ನಲ್ಲಿ ಅವರದೇ ಡೆಡ್‌ಲಿಫ್ಟ್ ಎಲ್ಲರಿಗಿಂತ ಚೊಕ್ಕ.

ಊಟದ ವಿಷಯಕ್ಕೂ ಒಂದು ಗೆರೆ ಇದೆ. ಕಾರ್ಬೋಹೈಡ್ರೇಟ್, ಪ್ರೋಟೀನ್ ಗ್ರಾಂಗೆ 4 ಕ್ಯಾಲರಿ, ಕೊಬ್ಬು 9, ಇದು ಬಾಯಲ್ಲಿರಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರೋಟೀನ್ ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ. ತೂಕ ಎತ್ತುವವರಿಗೆ ಅದಕ್ಕಿಂತ ಜಾಸ್ತಿ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಇಷ್ಟು ತಿಳಿಸಿ ಹೇಳಬಹುದು. ಆದರೆ ಸಕ್ಕರೆ ಕಾಯಿಲೆಯವರಿಗೆ, ಕಿಡ್ನಿ ತೊಂದರೆಯವರಿಗೆ ಡಯಟ್ ಚಾರ್ಟ್ ಬರೆಯುವುದು ನಮ್ಮ ಕೆಲಸ ಅಲ್ಲ. ಸಂಜೆ ಮಂಡಕ್ಕಿ ಮಿರ್ಚಿ ಪೂರ್ತಿ ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ. ದಾವಣಗೆರೆಯಲ್ಲಿ ಆ ಮಾತು ನಿಲ್ಲುವುದೂ ಇಲ್ಲ. ಮಿರ್ಚಿ ಒಂದಕ್ಕೆ ಇಳಿಸಿ, ಮಂಡಕ್ಕಿಗೆ ಶೇಂಗಾ, ಮೊಳಕೆ ಕಾಳು ಜಾಸ್ತಿ ಹಾಕಿ ಅನ್ನುತ್ತೇನೆ. ಅದನ್ನು ಪಾಲಿಸುತ್ತಾರೆ.

ದುರ್ಗದವ

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಗೆರೆ ಅಂದಿರಲ್ಲ ಅಕ್ಕಾ, ಇಂಜೆಕ್ಷನ್ ವಿಷಯವನ್ನೂ ಹೇಳಲೇಬೇಕು. ನನ್ನ ಗೆಳೆಯನಿಗೆ 22ರಲ್ಲೇ ಒಬ್ಬ ಟ್ರೇನರ್ ಸ್ಟೀರಾಯ್ಡ್ ಕೊಡಿಸಿದ. ಆರು ತಿಂಗಳಲ್ಲಿ ಮೈ ಉಬ್ಬಿತು. ಬಿಟ್ಟ ಮೇಲೆ ಅವನ ಮೈಯಲ್ಲಿ ತಾನಾಗಿ ಆಗಬೇಕಾದ ಟೆಸ್ಟೊಸ್ಟೆರಾನ್ ನಿಂತುಹೋಗಿತ್ತು. ಹೊರಗಿನಿಂದ ಸಿಕ್ಕರೆ ಮೈ ತನ್ನ ಕೆಲಸ ನಿಲ್ಲಿಸುತ್ತದೆ ಅಂತ ಡಾಕ್ಟರ್ ವಿವರಿಸಿದರು. ಹೃದಯದ ಗೋಡೆ ದಪ್ಪ ಆಗುವುದು, ಒಳ್ಳೆಯ ಕೊಲೆಸ್ಟರಾಲ್ ಇಳಿಯುವುದು, ಲಿವರ್ ಕೆಡುವುದು, ಇವೆಲ್ಲ ಅದರ ಜೊತೆ ಬರುವವು. ಒಂದು ವರ್ಷ ಅವನು ಮನೆಯಿಂದ ಹೊರಗೆ ಬರಲು ಮನಸ್ಸು ಮಾಡಲಿಲ್ಲ. ಸರ್ಟಿಫಿಕೇಟ್ ತಗೊಳ್ಳುವವರು ದಯವಿಟ್ಟು ಈ ವಿಷಯ ಓದಿ, ಹುಡುಗರು ಕೇಳಿದಾಗ ಕೂರಿಸಿ ಹೇಳಿ.

ಹಳೇಟ್ರೇನರ್_ವಿದ್ಯಾನಗರ

ದುರ್ಗದ ತಮ್ಮಾ, ಬರೆದದ್ದಕ್ಕೆ ಧನ್ಯವಾದ. ಗೆಳೆಯನ ಜೊತೆ ಇರು.

ನಿಟ್ಟುವಳ್ಳಿ ತಮ್ಮನಿಗೆ ಕೊನೆಯದಾಗಿ ಸಿಪಿಆರ್. ಅದನ್ನು ಪರೀಕ್ಷೆಗೆ ಬೇಕು ಅಂತ ಕಲಿಯಬೇಡ. ಎದೆಯ ನಡುವೆ ಎರಡೂ ಕೈ, ಮೊಣಕೈ ನೆಟ್ಟಗೆ, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, 6 ದಾಟಬಾರದು. 30 ಒತ್ತಿದ ಮೇಲೆ 2 ಉಸಿರು. ಒತ್ತುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಬೊಂಬೆ ಮೇಲೆ ಎರಡು ನಿಮಿಷ ಮಾಡಿ ನೋಡು, ಎಷ್ಟು ದಣಿವು ಅಂತ ಗೊತ್ತಾಗುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವುದು. ಜಿಮ್‌ನಲ್ಲಿ ನೀನೊಬ್ಬ ಕಲಿತರೆ ಸಾಲದು.

ನಿಟ್ಟುವಳ್ಳಿ_ಹುಡುಗ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಪಾರ್-ಕ್ಯೂ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿದೆ. ಹಳಬರನ್ನೂ ಒಬ್ಬೊಬ್ಬರಾಗಿ ಕೂರಿಸಿ ಕೇಳುತ್ತಿದ್ದೇನೆ. 31 ಜನ ಆಯಿತು. ನಾಲ್ಕು ಜನ ಬಿಪಿ ಮಾತ್ರೆ ತಗೊಳ್ಳುವವರು, ಒಬ್ಬರಿಗೆ ಇನ್ಸುಲಿನ್. ಎರಡು ವರ್ಷ ಅವರ ಪಕ್ಕದಲ್ಲೇ ನಿಂತಿದ್ದೆ.

ಓದು ದಿನಾ ಮಧ್ಯಾಹ್ನ ಎರಡು ಗಂಟೆ. ಪಾಠ ಇಂಗ್ಲಿಷ್‌ನಲ್ಲಿದೆ, ಟಿಪ್ಪಣಿ ಕನ್ನಡದಲ್ಲಿ ಮಾಡುತ್ತೇನೆ. ಇವತ್ತು ಮೀನಖಂಡ ಮುಗಿಸಿದೆ. ಹಿಮ್ಮಡಿ ಎತ್ತುವಾಗ ಮಂಡಿ ನೆಟ್ಟಗಿದ್ದರೆ ಗ್ಯಾಸ್ಟ್ರೊಕ್ನೀಮಿಯಸ್, ಮಡಚಿದರೆ ಸೋಲಿಯಸ್ ಸ್ನಾಯುವಿಗೆ ಜಾಸ್ತಿ ಕೆಲಸ. ಬೆರಳಿಟ್ಟು ನೋಡಿದೆ.

ಇನ್ನೊಂದು. ಆ ಹುಡುಗ ಡಾಕ್ಟರ ಚೀಟಿ ತಗೊಂಡು ವಾಪಸ್ ಬಂದ. ಜೊತೆಗೆ ತಾಯಿಯೂ ಬಂದರು, ಅರ್ಧ ಗಂಟೆ ಬೆಂಚಿನ ಮೇಲೆ ಕೂತು ನೋಡಿದರು. ಕುರ್ಚಿ ಮೇಲೆ ಕೂತು ಏಳುವುದು 8 ಸಲ, ಎರಡು ಸೆಟ್. ಅಷ್ಟೇ ಮಾಡಿಸಿದೆ. ಮಾರನೇ ದಿನ ಬೆಳಿಗ್ಗೆ ನಾನೇ ಫೋನ್ ಮಾಡಿ ನೋವು ಹೇಗಿದೆ, ಮೂತ್ರದ ಬಣ್ಣ ಹೇಗಿದೆ ಕೇಳಿದೆ. ಸರಿಯಾಗಿದೆ ಅಂದ.

ಅಕ್ಕಾ, ಇನ್ಸುಲಿನ್ ತಗೊಳ್ಳುವವರಿಗೆ ಏನು ನೋಡಬೇಕು?

ಫಿಸಿಯೋ_ಅಕ್ಕ

ಮೊದಲು ಅವರ ಡಾಕ್ಟರ ಒಪ್ಪಿಗೆ. ವ್ಯಾಯಾಮಕ್ಕೆ ಮುಂಚೆ ಮೀಟರ್‌ನಲ್ಲಿ ಸಕ್ಕರೆ ನೋಡಿಕೊಂಡು ಬರಲಿ. 70ಕ್ಕಿಂತ ಕೆಳಗೆ ಅಂದರೆ ಅದು ಅಪಾಯದ ಮಟ್ಟ, ಅವತ್ತು ವ್ಯಾಯಾಮಕ್ಕಿಂತ ಮೊದಲು ಸಕ್ಕರೆ. ನಡುಕ, ಬೆವರು, ಮಾತು ತೊದಲುವುದು ಕಂಡರೆ ಕೂಡಲೇ ನಿಲ್ಲಿಸಿ ಗ್ಲೂಕೋಸ್ ಕೊಡು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, 108. ಇನ್ಸುಲಿನ್ ಚುಚ್ಚಿಕೊಂಡ ಕಾಲಿಗೇ ಅವತ್ತು ಕೆಲಸ ಕೊಡಬೇಡ, ಅದು ಬೇಗ ರಕ್ತಕ್ಕೆ ಸೇರುತ್ತದೆ. ಒಂದು ಗ್ಲೂಕೋಸ್ ಪೊಟ್ಟಣ ಯಾವಾಗಲೂ ಡ್ರಾಯರ್‌ನಲ್ಲಿರಲಿ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ನಾನು, ಹಳೇ ಟ್ರೇನರ್ ಸರ್ ಇಬ್ಬರೂ ಕುಂದವಾಡ ಕೆರೆ ಹತ್ತಿರ ಇರುತ್ತೇವೆ. ಸಿಪಿಆರ್ ಬೊಂಬೆ ತರುತ್ತೇನೆ. ಮಂಡಿ, ಸೊಂಟದ ಪಾಠವನ್ನೂ ಅಲ್ಲೇ ಬೆರಳಿಟ್ಟು ನೋಡೋಣ. ಬರುವವರು ಚಾಪೆ ತನ್ನಿ. ಕಾಕಾ, ನೀವೂ ಬನ್ನಿ, ನಿಮ್ಮ ಮಾತ್ರೆ ಪಟ್ಟಿ ಸಮೇತ.

ಎಪಿಎಂಸಿ_ಕಾಕಾ

ಆರೂವರೆಗೇ ಅಲ್ಲಿರುತ್ತೇನೆ. ಎಷ್ಟು ಜನ ಅಂತ ಶನಿವಾರ ಸಂಜೆ ಒಳಗೆ ಬರೆಯಿರಿ, ಎಲ್ಲರಿಗೂ ಇಡ್ಲಿ ಕಟ್ಟಿಸಿಕೊಂಡು ಬರಬೇಕು.